ಹಟದ ಗಂಟು

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನನ್ನ ಬಲಗೈ ನೋಡಿ ಒಂದಿಷ್ಟು ಸರಿದು ಕೂರುವುದುಂಟು. ತೋರುಬೆರಳು ತೊಡೆಯ ಮೇಲೆ ತನ್ನ ಪಾಡಿಗೆ ಓಡುತ್ತಿರುತ್ತದೆ. ಮುಂದಿನ ಸೀಟಿನಲ್ಲಿ ಯಾರೋ ಮಗಳ ಮದುವೆಯ ಮಾತಾಡುತ್ತಿದ್ದರೆ ಅದನ್ನು ಬರೆಯುತ್ತದೆ, ಕಂಡಕ್ಟರ್ ಚಿಲ್ಲರೆಗಾಗಿ ಬೈಯುತ್ತಿದ್ದರೆ ಅದನ್ನೂ ಬರೆಯುತ್ತದೆ. ನನಗೆ ನರದ ಕಾಯಿಲೆಯೇನೂ ಇಲ್ಲ. ಶೀಘ್ರಲಿಪಿ ಕಲಿತವರ ಚಟ ಇದು. ಮಾತು ಕಿವಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ಹಾವೇರಿಯಿಂದ ದಿನಾ ಬಸ್ಸು ಹತ್ತಿ ಕೋರ್ಟಿಗೆ ಹೋಗುವ ಸ್ಟೆನೋ ನಾನು. ಸಾಹೇಬರು ಹೇಳಿದ್ದನ್ನು ಗೆರೆಗಳಲ್ಲಿ ಹಿಡಿದು, ಆಮೇಲೆ ಟೈಪು ಮಾಡಿ, ಸಹಿಗೆ ಇಡುವುದು ನನ್ನ ಕೆಲಸ. ಯಾವ ಊರಿನ ಕೋರ್ಟು ಎಂದು ಮಾತ್ರ ಕೇಳಬೇಡಿ. ನಾನಿನ್ನೂ ಅಲ್ಲಿಯ ಅನ್ನವನ್ನೇ ತಿನ್ನುತ್ತಿದ್ದೇನೆ.

ಈ ಚಟ ಹಚ್ಚಿದವರು ನಮ್ಮ ಮಾಸ್ತರರು. ರಾಣೆಬೆನ್ನೂರಿನಲ್ಲಿ ಬೀಜ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಕ್ಲಾಸು ಇತ್ತು. ಮೆಟ್ಟಿಲ ಮೇಲೆಲ್ಲ ಔಷಧ ಹಚ್ಚಿದ ಗೋವಿನಜೋಳದ ಬೀಜದ ಗುಲಾಬಿ ಧೂಳು. ಹತ್ತಿ ಮೇಲೆ ಬರುವಷ್ಟರಲ್ಲಿ ನಮ್ಮ ಚಪ್ಪಲಿಗಳೂ ಗುಲಾಬಿ. ಅವರು ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು, ಸಂಜೆ ಮತ್ತು ಶನಿವಾರ ಈ ಕ್ಲಾಸು. ನಿವೃತ್ತಿಯಾದ ಮೇಲೆ ದಿನವಿಡೀ ಅಲ್ಲೇ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಗಂಡುಹುಡುಗರು ಕಡಿಮೆಯಾಗಿ ಹುಡುಗಿಯರು ಹೆಚ್ಚಾದರು. ಎಲ್ಲರಿಗೂ ಬೇಕಾದದ್ದು ಒಂದೇ, ಪರೀಕ್ಷೆ ಪಾಸಾಗಿ ಯಾವುದಾದರೂ ಆಫೀಸಿನಲ್ಲಿ ಒಂದು ಕುರ್ಚಿ. ಅದಕ್ಕೆ ಸರ್ಕಾರ ಒಪ್ಪಿದ ಶೀಘ್ರಲಿಪಿ ಇದೆ. ಮಾಸ್ತರರು ಅದನ್ನು ಕಲಿಸುತ್ತಿದ್ದರು, ಚೆನ್ನಾಗಿಯೇ ಕಲಿಸುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ಶನಿವಾರ ಮಧ್ಯಾಹ್ನದ ಕ್ಲಾಸಿನಲ್ಲಿ. ಅಲ್ಲಿ ಅವರು ತಾವೇ ಕಟ್ಟಿದ ಲಿಪಿಯನ್ನು ಕಲಿಸುತ್ತಿದ್ದರು.

ತಮ್ಮದೇ ಲಿಪಿ ಯಾಕೆ ಬೇಕಾಯಿತು ಎಂಬ ಕಥೆಯನ್ನು ಅವರು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತಿದ್ದರು. ಹಳಬರಾದ ನಾವು ಹಿಂದೆ ಕೂತು ಅವರ ಮಾತಿಗೆ ಸರಿಯಾಗಿ ತುಟಿ ಅಲ್ಲಾಡಿಸುತ್ತಿದ್ದೆವು. ಹರೆಯದಲ್ಲಿ ಶೀಘ್ರಲಿಪಿ ಕಲಿತ ಹುರುಪಿನಲ್ಲಿ ಅವರು ಹಲಗೇರಿಯ ತಮ್ಮ ಮನೆಗೆ ಹೋಗಿ, ತಾಯಿಯನ್ನು ಕೂರಿಸಿ, ನಿನ್ನ ಲಗ್ನದ ಸುದ್ದಿ ಹೇಳು ಅಂದರಂತೆ. ತಾಯಿ ಶೇಂಗಾ ಸುಲಿಯುತ್ತ ಹೇಳಿದರು, ಮಗ ಬರೆದುಕೊಂಡರು, ಆಮೇಲೆ ಓದಿ ಹೇಳಿದರು. ತಾಯಿ ಪೂರ್ತಿ ಕೇಳಿ, "ಛಂದ ಐತಿ. ಯಾರ ಲಗ್ನದ್ದೋ ಇದು?" ಅಂದರು. ಅವರು ಕಲಿತ ಲಿಪಿ 'ಬರುತ್ತಿದ್ದಾರೆ' ಎಂಬುದನ್ನು ಹಿಡಿಯುತ್ತಿತ್ತು. 'ಬರಾಕತ್ತಾರ' ಬಂದರೆ ಕೈ ತಡವರಿಸಿ ಅದನ್ನು ಪುಸ್ತಕದ ಮಾತಿಗೆ ತಿರುಗಿಸಿಬಿಡುತ್ತಿತ್ತು. ತಾಯಿಯ ಮಾತು ಮಗನ ಕೈಯಲ್ಲಿ ಬೇರೆ ಯಾರದೋ ಮಾತಾಗಿತ್ತು. ಅಂದಿನಿಂದ ನಮ್ಮ ಸೀಮೆಯ ಮಾತು ಇದ್ದದ್ದು ಇದ್ದ ಹಾಗೆ ಕಾಗದಕ್ಕೆ ಇಳಿಯುವ ಗೆರೆಗಳನ್ನು ಹುಡುಕುತ್ತ ಕೂತರು. ಇನ್ನೂ ಎದ್ದಿಲ್ಲ ಅನ್ನಬೇಕು.

ಅವರ ಗೆರೆಗಳಿಗೆ ಒಂದು ಸೊಗಸಿತ್ತು. 'ಆಕತ್ತೇನಿ, ಆಕತ್ತಾರ' ಎಂಬುದಕ್ಕೆಲ್ಲ ಕುಡುಗೋಲಿನಂಥ ಒಂದೇ ಬಾಗು. 'ಬರ್ರಿ, ಕುಂದ್ರಿ, ಹೌದ್ರಿ' ಎನ್ನುವಾಗಿನ ಮರ್ಯಾದೆಗೆ ಪಕ್ಕದಲ್ಲಿ ಒಂದು ಚುಕ್ಕೆ. ಚುಕ್ಕೆ ಬಿಟ್ಟರೆ ಏಕವಚನ. ಯಾರ ಮೇಲಾದರೂ ಸಿಟ್ಟಿದ್ದರೆ ನಾವು ಚುಕ್ಕೆ ನುಂಗಿ ಬರೆಯುತ್ತಿದ್ದೆವು, ಮಾಸ್ತರರು ಕನ್ನಡಕದ ಮೇಲಿಂದ ನೋಡಿ, "ಅವರು ರೀ ಅಂದಾರ, ನೀ ಯಾಕ ತಿಂದಿ?" ಎಂದು ಕೇಳುತ್ತಿದ್ದರು. ಕ್ಷೌರದ ಅಂಗಡಿಯಲ್ಲಿ, ಬೀಗರ ಮನೆಯಲ್ಲಿ, ದವಾಖಾನೆಯ ಪಾಳಿಯಲ್ಲಿ, ಎಲ್ಲಿ ಕೂತರೂ ಅವರ ಪೆನ್ಸಿಲ್ ನಡೆಯುತ್ತಿತ್ತು. ಸುತ್ತಲಿನ ಜನ ಇವರು ಏನೋ ತನಿಖೆಗೆ ಬಂದಿದ್ದಾರೆ ಎಂದುಕೊಂಡು ಮಾತು ನಿಲ್ಲಿಸಿದರೆ ಅವರಿಗೆ ಬೇಜಾರಾಗುತ್ತಿತ್ತು.

ಶನಿವಾರಕ್ಕೆ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಒಬ್ಬರು ಮಾತಾಡಬೇಕು, ಉಳಿದವರು ಬರೆಯಬೇಕು. ಬರೆದು ಮುಗಿದ ಮೇಲೆ ಪ್ಯಾಡು ಅದಲುಬದಲು. ನಾನು ಬರೆದದ್ದನ್ನು ನೀನು ಓದಬೇಕು, ನೀನು ಬರೆದದ್ದನ್ನು ನಾನು. ತನ್ನದನ್ನು ತಾನೇ ಓದುವ ಹಾಗಿಲ್ಲ. "ಬರದಾಕೀನ ಓದಿದ್ರ ಅದು ಲಿಪಿ ಅಲ್ಲ, ಗುಟ್ಟು. ಮತ್ತೊಬ್ಬಾಕಿ ಓದಿದ್ರ ಲಿಪಿ," ಎನ್ನುತ್ತಿದ್ದರು. ಓದುವಾಗ ಒಂದು ಗುರುತು ತಿಳಿಯದಿದ್ದರೆ ಊಹೆ ಮಾಡಬಾರದು. 'ಗೊತ್ತಿಲ್ಲ' ಎಂದು ಹೇಳಿ ಮುಂದಿನ ಸಾಲಿಗೆ ಹೋಗಬೇಕು. ಒಮ್ಮೆ ನಾನು ಹಿಂದುಮುಂದು ನೋಡಿ ಒಂದು ಮಾತನ್ನು ಅಂದಾಜಿನಲ್ಲಿ ಓದಿದೆ, ಅದು ಸರಿಯೂ ಇತ್ತು. ಶಭಾಶ್ ಅನ್ನುತ್ತಾರೆ ಎಂದುಕೊಂಡರೆ ಅವರ ಮುಖ ಕಪ್ಪಿಟ್ಟಿತು. "ಮಂದಿ ಬಾಯಾಗ ನಿನ್ನ ಮಾತು ತುರುಕಬ್ಯಾಡ, ತಂಗಿ. ಹಂಗ ಮಾಡೂದಿದ್ರ ನನ್ನ ಲಿಪಿ ಯಾಕ ಬೇಕು?" ಅಂದರು.

ನನ್ನ ಪ್ಯಾಡು ಯಾವಾಗಲೂ ಹೋಗುತ್ತಿದ್ದದ್ದು ಬ್ಯಾಡಗಿಯ ಒಬ್ಬ ಗೆಳತಿಯ ಕೈಗೆ. ಮನೆಯಲ್ಲಿ ಉರ್ದು, ಹೊರಗೆ ನಮ್ಮ ಹಾಗೇ ಕನ್ನಡ, ಮೂಗಿನ ತುದಿಯಲ್ಲೇ ನಗು. ಮೆಣಸಿನಕಾಯಿಯ ಸುಗ್ಗಿಯಲ್ಲಿ ಅವಳು ಬಂದರೆ ಅವಳ ಬುರ್ಖಾದಿಂದ ಘಾಟು ಎದ್ದು ಇಡೀ ಕ್ಲಾಸು ಸೀನುತ್ತಿತ್ತು, ಅವಳೊಬ್ಬಳು ಸೀನುತ್ತಿರಲಿಲ್ಲ. ಅಜ್ಜಿಯ ಉರ್ದು ಬೈಗುಳಗಳನ್ನೂ ಮಾಸ್ತರರ ಲಿಪಿಯಲ್ಲಿ ಬರೆದು ತಂದು, ನಾನು ಅರ್ಥ ತಿಳಿಯದೆ ಗಟ್ಟಿಯಾಗಿ ಓದಿ ಮುಗಿಸುವ ತನಕ ಗಂಭೀರವಾಗಿ ಕೂತಿರುತ್ತಿದ್ದಳು. ನಮ್ಮಿಬ್ಬರ ಬರಹ ಒಬ್ಬರಿಗೊಬ್ಬರು ಓದಲು ತಡೆಯೇ ಇರಲಿಲ್ಲ. ಅವಳು ಮದುವೆಯಾಗಿ ಬ್ಯಾಡಗಿಯಲ್ಲೇ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಬಿಲ್ಲು ಟೈಪು ಮಾಡುವ ಕೆಲಸಕ್ಕೆ ಸೇರಿದಳು, ನನಗೆ ಕೋರ್ಟಿನಲ್ಲಿ ಸಿಕ್ಕಿತು. ಅವಳ ಶನಿವಾರ ನಿಂತಿತು. ನಾನು ಮಾತ್ರ ಬಿಡುವಾದಾಗಲೆಲ್ಲ ಮಹಡಿ ಹತ್ತುತ್ತಲೇ ಇದ್ದೆ.

ಮಾಸ್ತರರಿಗೆ ಒಂದು ರೋಗವಿತ್ತು. ಮಾಡಿದ್ದನ್ನು ಮಾಡಿದಂತೆ ಬಿಡುತ್ತಿರಲಿಲ್ಲ. "ತಂಗೀ, ಮುಂಜಾನೆ ಹಲ್ಲು ತಿಕ್ಕೂಮುಂದ ಹೊಳೀತು ನೋಡು," ಎಂದು ಶುರುಮಾಡಿದರೆ ಯಾವುದೋ ಒಂದು ಗುರುತಿನ ಆಯುಷ್ಯ ಮುಗಿಯಿತು ಎಂದೇ ಲೆಕ್ಕ. ಹೊಸ ಗುರುತು ಹಳೆಯದಕ್ಕಿಂತ ಚುರುಕಾಗಿರುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದಿನ ಬ್ಯಾಚಿನ ಹುಡುಗಿಯರಿಗೆ ಅದು ಗೊತ್ತಿರುತ್ತಿರಲಿಲ್ಲ. ಅವರು ಮನೆ, ಮಕ್ಕಳು, ನೌಕರಿ ಎಂದು ಹರಿದು ಹಂಚಿಹೋಗಿರುತ್ತಿದ್ದರು; ಗುರುತು ಬದಲಾಗಿದೆ ಬರ್ರಿ ಎಂದು ಯಾರು ಯಾರನ್ನು ಕರೆಯುವುದು? ಮತ್ತೊಬ್ಬರು ಓದಲೇಬೇಕು ಎಂದು ಹಟ ಹಿಡಿದ ಮನುಷ್ಯ, ಓದುವವರನ್ನು ತಾನೇ ಹಿಂದೆ ಬಿಟ್ಟು ಮುಂದೆ ಹೋಗುತ್ತಿದ್ದ. ಆಗ ಅದು ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ನನಗಂತೂ ಹೊಸ ಗುರುತು ಸಿಕ್ಕಿತೆಂದರೆ ಹೊಸ ಸೀರೆ ಸಿಕ್ಕಷ್ಟು ಖುಷಿ.

ಅವುಗಳಲ್ಲಿ ಒಂದರ ಹುಟ್ಟಿಗೆ ನಾನೇ ಕಾರಣ. ಕೋರ್ಟಿನ ಪಡಸಾಲೆಯಲ್ಲಿ ಜನ ಏನು ಮಾತಾಡುತ್ತಾರೆ ಎಂದು ಅವರು ಕೇಳಿದಾಗ ನಾನು ಹೇಳಿದ್ದೆ: ಎಲ್ಲರ ಬಾಯಲ್ಲೂ ಒಂದೇ ರಾಗ. ಕೊಡೂ ಮಟಾ ಬಿಡೂದಿಲ್ಲ, ಬರೂ ಮಟಾ ಏಳೂದಿಲ್ಲ, ಹೇಳೂ ಮಟಾ ಉಣ್ಣೂದಿಲ್ಲ. ಮಾಸ್ತರರು ಗಹಗಹಿಸಿ ನಕ್ಕರು. ಮುಂದಿನ ಶನಿವಾರ 'ತನಕ' ಎಂಬರ್ಥದ ಈ 'ಮಟಾ' ಮತ್ತು 'ಇಲ್ಲ' ಎರಡನ್ನೂ, ಅವುಗಳ ಜೊತೆಗಿನ ಕ್ರಿಯೆಗಳನ್ನೂ ಸೇರಿಸಿ ಒಂದೇ ಎಳೆತದಲ್ಲಿ ಬರೆಯುವ ಒಂದು ಸುರುಳಿ ತಂದರು. ಒಂದು ಗಂಟು, ಕೆಳಗೆ ಒಂದು ಬಾಲ. "ಇಡೀ ಜಿಲ್ಲಾದ ಹಟ ಇದರಾಗ ಐತಿ," ಎಂದು ಅದಕ್ಕೆ 'ಹಟದ ಗಂಟು' ಎಂದು ಹೆಸರಿಟ್ಟರು. ಅಷ್ಟು ಚೆಂದದ ಗುರುತನ್ನು ನಾನು ಬೇರೆ ಯಾವ ಲಿಪಿಯಲ್ಲೂ ಕಂಡಿಲ್ಲ.

ಪರೀಕ್ಷೆ ನಾನು ಸರ್ಕಾರದ ಲಿಪಿಯಲ್ಲಿ ಪಾಸಾದೆ, ಕೆಲಸ ಮಾಡುವುದು ಮಾಸ್ತರರ ಲಿಪಿಯಲ್ಲಿ. ಕೋರ್ಟಿನಲ್ಲಿ ನನ್ನ ಪ್ಯಾಡನ್ನು ಯಾರೂ ನೋಡುವುದಿಲ್ಲ, ಟೈಪಾದದ್ದನ್ನು ನೋಡುತ್ತಾರೆ. ಆದರೂ ಮಾಸ್ತರರಿಗೆ ಸಮಾಧಾನ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಆಸೆಯಿಂದ ಕೇಳಿದ್ದರು, "ಸಾಕ್ಷಿ ಹೇಳೂ ಮಂದಿ ಮಾತು ಹಂಗಹಂಗ ಬರೀತಿ ಹೌದಲ್ಲೋ?" ನಾನು ಇಲ್ಲ ಅಂದೆ. ಸಾಕ್ಷಿ ತನ್ನ ಬಾಯಿಂದ ಏನೋ ಹೇಳುತ್ತಾನೆ. ಸಾಹೇಬರು ಅದನ್ನು ಕೇಳಿ, ಕಡತಕ್ಕೆ ಬೇಕಾದ ಕನ್ನಡಕ್ಕೆ ತಿರುಗಿಸಿ ಹೇಳುತ್ತಾರೆ. ಬರವಣಿಗೆಗೆ ಇಳಿಯುವುದು ಸಾಹೇಬರ ವಾಕ್ಯ. ಪಾಟೀಸವಾಲು ಇದ್ದರಂತೂ ಎಲ್ಲವೂ 'ಎಂದರೆ ಸರಿ', 'ಎಂದರೆ ಸರಿಯಲ್ಲ' ಎಂದೇ ಮುಗಿಯಬೇಕು. ಇದು ಯಾರೊಬ್ಬರ ತಪ್ಪೂ ಅಲ್ಲ, ಪದ್ಧತಿ. ಮಾಸ್ತರರು ಪೆನ್ಸಿಲ್ ಕೆತ್ತಿದರು. "ಅಂದ್ರ ನಮ್ಮವ್ವನ ಲಗ್ನ ಮತ್ತ ಹಂಗ ಆತಲ್ಲ," ಅಂದರು.

ಆಮೇಲೆ ಕಟ್ಟಡದ ತಕರಾರು ಬಂತು. ಕಟ್ಟಡದ ಮಾಲೀಕರು ಹಿರಿಯ ಮನುಷ್ಯರು, ಮಾಸ್ತರರ ಗೆಳೆಯರು. ಹಳೆಯದನ್ನು ಕೆಡವಿ ಹೊಸದು ಕಟ್ಟಬೇಕೆಂದು ನಾಲ್ಕು ಜನ ಹಿರಿಯರ ಮುಂದೆ ಮಾತಾದಾಗ ಮಾಸ್ತರರು ಮಹಡಿ ಬಿಡಲು ಒಪ್ಪಿದ್ದರು, ಹೊಸ ಕಟ್ಟಡದಲ್ಲಿ ಕ್ಲಾಸಿಗೆ ಒಂದು ಕೋಣೆ ಕೊಡಬೇಕೆಂಬ ಮಾತಿನ ಮೇಲೆ. ಮಾಲೀಕರು ಹೂಂ ಅಂದಿದ್ದರು. ಕಾಗದ ಪತ್ರ ಏನೂ ಆಗಲಿಲ್ಲ. ಅವರು ತೀರಿಕೊಂಡ ಮೇಲೆ ಮಕ್ಕಳು ಕೋಣೆಯ ಮಾತು ನಮಗೆ ಗೊತ್ತೇ ಇಲ್ಲ ಎಂದು, ಮಹಡಿ ಖಾಲಿ ಮಾಡಿಸಲು ದಾವೆ ಹಾಕಿದರು. ಆ ಹಿರಿಯರಲ್ಲಿ ಕೆಲವರು ಇರಲಿಲ್ಲ, ಇದ್ದವರಿಗೆ ನೆನಪಿರಲಿಲ್ಲ, ಅಥವಾ ನೆನಪು ಬೇಡವಾಗಿತ್ತು. ಊರಿನಲ್ಲಿ ಬೇರೆ ಕೋಣೆ ಸಿಗುವುದಿಲ್ಲವೇ ಎಂದು ನಾನೂ ಕೇಳಿದೆ. "ಟೈಪಿಂಗ್‌ಗೆ ಸಿಗತೈತಿ. ನಾಕು ಮಂದಿ ಹುಡುಗ್ಯಾರು ಪುಕ್ಕಟೆ ಕುಂತು ಪ್ಯಾಡು ಬದಲಿ ಮಾಡಾಕ ಯಾರು ಜಾಗಾ ಕೊಡ್ತಾರ?" ಅಂದರು. ಮಹಡಿ ಹೋದರೆ ಶನಿವಾರ ಹೋಗುತ್ತದೆ, ಶನಿವಾರ ಹೋದರೆ ಲಿಪಿ ಅವರ ಜೊತೆಗೇ ಹೋಗುತ್ತದೆ. ಇದು ನಮ್ಮಿಬ್ಬರಿಗೂ ಗೊತ್ತಿತ್ತು.

ದಾವೆ ಬಂದದ್ದು ನಾನಿದ್ದ ಕೋರ್ಟಿಗೇ. ಮಾಸ್ತರರ ಸಾಕ್ಷ್ಯದ ದಿನ ಬೆಳಿಗ್ಗೆ ನಾನು ಸಾಹೇಬರ ಕೋಣೆಗೆ ಹೋಗಿ, ಇವತ್ತಿನ ಪ್ರತಿವಾದಿ ನನಗೆ ಕಲಿಸಿದವರು ಎಂದು ಹೇಳಿದೆ. ಸಾಹೇಬರು ಮೈಸೂರು ಕಡೆಯವರು, ಸಮಾಧಾನಿ. "ತೀರ್ಪು ನೀವು ಬರೀತೀರೇನಮ್ಮಾ? ನಾನು ಹೇಳಿದ್ದನ್ನ ಬರೀತೀರಿ, ಅಷ್ಟೇ ತಾನೆ," ಎಂದು ನಕ್ಕರು. ಸಾಕ್ಷ್ಯವನ್ನು ಸಾಮಾನ್ಯವಾಗಿ ಟೈಪಿಸ್ಟ್ ನೇರವಾಗಿ ಕಂಪ್ಯೂಟರಿಗೆ ಹೊಡೆಯುತ್ತಾರೆ. ಆ ದಿನ ಕರೆಂಟು ಹೋಯಿತು, ಇನ್ವರ್ಟರೂ ಕೈಕೊಟ್ಟಿತು. ನೀವೇ ಕೈಯಲ್ಲಿ ತಗೊಳ್ಳಿ, ಆಮೇಲೆ ಟೈಪ್ ಆಗಲಿ ಎಂದರು ಸಾಹೇಬರು. ಹಾಗೆ ಪೆನ್ಸಿಲ್ ಹಿಡಿದು ನಾನು ನನ್ನ ಮಾಸ್ತರರ ಎದುರು ಕೂತೆ.

ಅವರು ಕಟಕಟೆಯಲ್ಲಿ ನಿಂತವರು ವಕೀಲರನ್ನೂ ನೋಡಲಿಲ್ಲ, ಸಾಹೇಬರನ್ನೂ ನೋಡಲಿಲ್ಲ. ನನ್ನ ಕೈ ನೋಡಿದರು. ನಾನು ಬರೆಯಬೇಕಾದದ್ದು ಸಾಹೇಬರ ಮಾತು ಮಾತ್ರ. ಆದರೆ ಅವರು ಬಾಯಿ ತೆರೆದ ಕೂಡಲೇ ನನ್ನ ಕೈ ಹೊರಟಿತು. ಅವರು ಅದನ್ನು ಕಂಡರು. ಕಂಡವರೇ ಮಾತಿನ ಓಟ ತಗ್ಗಿಸಿ, ಕ್ಲಾಸಿನಲ್ಲಿ ನಮಗೆ ಬರೆಸುವಾಗ ಹೇಗೋ ಹಾಗೆ, ತುಂಡು ತುಂಡಾಗಿ, ನಡುವೆ ಉಸಿರು ಬಿಟ್ಟು ಹೇಳತೊಡಗಿದರು. ವಾದಿಯ ವಕೀಲರು ರೇಗಿ, "ಮಾಸ್ತರ್ರ, ಇದು ಪಾಠದ ಖೋಲಿ ಅಲ್ರಿ, ಲಗೂ ಹೇಳ್ರಿ," ಅಂದರು. ಜನ ನಕ್ಕರು. ನಾನು ಪ್ಯಾಡಿನಿಂದ ತಲೆ ಎತ್ತಲಿಲ್ಲ.

ವಕೀಲರು ಕೇಳಿದರು, ಹಿರಿಯರ ಮುಂದೆ ಕಟ್ಟಡ ಬಿಟ್ಟುಕೊಡಲು ನೀವು ಒಪ್ಪಿದ್ದಿರಿ, ಹೌದೋ ಅಲ್ಲವೋ? ಮಾಸ್ತರರು ಹೇಳಿದರು, "ಹೌದ್ರಿ, ಒಪ್ಪಿದ್ದೆ. ಹೊಸಾ ಕಟ್ಟಡದಾಗ ನಮ್ಮ ಕ್ಲಾಸಿಗೆ ಒಂದು ಖೋಲಿ ಕೊಡೂ ಮಟಾ ಬಿಡೂದಿಲ್ಲ ಅಂತನೂ ಅಂದಿದ್ದೆ." ಅದೇ ಹೊತ್ತಿಗೆ ಹೊರಗೆ ಪಡಸಾಲೆಯಲ್ಲಿ ಯಾವುದೋ ಕೇಸಿನ ಎರಡು ಕಡೆಯವರಿಗೆ ಜಗಳ ಹತ್ತಿ ಗದ್ದಲವೋ ಗದ್ದಲ. ಸಾಹೇಬರು ಪಟ್ಟೇವಾಲನನ್ನು ಕರೆದು ಅವರನ್ನು ಸುಮ್ಮನಾಗಿಸಲು ಹೇಳಿ, ತಿರುಗಿ ನನ್ನ ಕಡೆ, "ಹಿರಿಯರ ಸಮಕ್ಷಮ ಕಟ್ಟಡವನ್ನು ತೆರವು ಮಾಡಿಕೊಡಲು ಒಪ್ಪಿದ್ದೆ ಎಂದರೆ ಸರಿ," ಎಂದು ಬರೆಸಿದರು. ಅವರು ಕೇಳಿಸಿಕೊಂಡದ್ದೇ ಅಷ್ಟು. ನನ್ನ ಪ್ಯಾಡಿನಲ್ಲಿ ಎರಡೂ ಇದ್ದವು, ಮೇಲೆ ಮಾಸ್ತರರ ಮಾತು, ಕೆಳಗೆ ಸಾಹೇಬರ ವಾಕ್ಯ.

ಮಾಸ್ತರರು ಕೈಮುಗಿದು, ನನ್ನ ಮಾತು ಪೂರ್ತಿ ಬಂದಿಲ್ಲರಿ ಅಂದರು. ವಕೀಲರು ಎದ್ದು, ಸಾಕ್ಷಿ ಹೌದು ಎಂದಷ್ಟೇ ಹೇಳಿದ್ದು, ಈಗ ಸೇರಿಸುತ್ತಿದ್ದಾರೆ ಎಂದು ತಕರಾರು ಎತ್ತಿದರು. ಸಾಹೇಬರು ನನ್ನನ್ನು ಕೇಳಿದರು, "ನಿಮ್ಮ ಪ್ಯಾಡಲ್ಲಿ ಏನಿದೆಯಮ್ಮಾ?" ನಾನು ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಓದಿದೆ, ಖೋಲಿಯ ಮಾತೂ ಸೇರಿ. ವಕೀಲರು ಬಂದು ಪ್ಯಾಡು ನೋಡಿದರು. "ಸರ್, ಇದು ಸರ್ಕಾರದ ಶೀಘ್ರಲಿಪಿ ಅಲ್ಲ. ಇವರು ಸಾಕ್ಷಿಯ ಶಿಷ್ಯೆ. ಇವರನ್ನ ಬಿಟ್ಟು ಇದನ್ನ ಓದೋರು ಮತ್ಯಾರದಾರ?" ಕಟಕಟೆಯಿಂದ ಮಾಸ್ತರರು, "ನಾ ಅದೀನಲ್ರಿ," ಅಂದರು. ಇಡೀ ಕೋರ್ಟು ಗೊಳ್ಳೆಂದು ನಕ್ಕಿತು. ಅಷ್ಟು ಹೊತ್ತು ತಲೆ ಎತ್ತಿ ನಿಂತಿದ್ದ ಮಾಸ್ತರರು ಆಗ ತಲೆ ತಗ್ಗಿಸಿದರು.

ಬ್ಯಾಡಗಿಯಲ್ಲಿ ಒಬ್ಬಳಿದ್ದಾಳೆ ಸರ್, ಎಂದೆ. ಅವಳಿಗೂ ಈ ದಾವೆಗೂ ಸಂಬಂಧವಿಲ್ಲ, ಇವತ್ತು ಇಲ್ಲಿ ಏನಾಗಿದೆ ಎಂಬುದು ಅವಳಿಗೆ ಗೊತ್ತೂ ಇಲ್ಲ. ಸಾಹೇಬರು ಗಡಿಯಾರ ನೋಡಿದರು. "ಇದೇನೂ ಸಾಕ್ಷ್ಯ ಆಗಲ್ಲ. ನನ್ನ ಸಮಾಧಾನಕ್ಕೆ ಕೇಳ್ತೀನಿ. ಮಧ್ಯಾಹ್ನಕ್ಕೆ ಬರೋಕಾಗುತ್ತಾ ನೋಡಿ," ಎಂದರು. ವಕೀಲರೂ, ಬರಲಿ ಸರ್, ನಾವೂ ನೋಡೋಣ ಎಂದು ಕೂತರು. ಫೋನು ಮಾಡಲು ನನ್ನನ್ನು ಬಿಡಲಿಲ್ಲ. ಬೆಂಚ್ ಕ್ಲರ್ಕೇ ಅವಳ ಅಂಗಡಿಗೆ ಫೋನು ಮಾಡಿ, ಬರವಣಿಗೆ ಒಂದನ್ನು ಓದಬೇಕು ಬರ್ರಿ ಎಂದಷ್ಟೇ ಹೇಳಿದರು. ಊಟದ ಬಿಡುವಿನಲ್ಲಿ ಡಬ್ಬಿ ತೆರೆದಿಟ್ಟುಕೊಂಡು ಕೂತೆ. ನಮ್ಮ ಬರಹ ಒಬ್ಬರಿಗೊಬ್ಬರು ಎಂದೂ ತಡೆದದ್ದಿಲ್ಲ ಎಂದು ನನ್ನಷ್ಟಕ್ಕೆ ನಾನೇ ಧೈರ್ಯ ಹೇಳಿಕೊಂಡೆ.

ಅವಳು ಬಂದಳು. ಅದು ಸುಗ್ಗಿಯ ಕಾಲ. ಬಾಗಿಲು ದಾಟುವಷ್ಟರಲ್ಲಿ ಮುಂದಿನ ಸಾಲಿನ ವಕೀಲರೆಲ್ಲ ಸೀನತೊಡಗಿದರು. ಮಾಸ್ತರರನ್ನು ಕಂಡು ಅವಳ ಮುಖ ಅರಳಿತು, ಆಮೇಲೆ ಅವರು ನಿಂತ ಜಾಗ ನೋಡಿ ಬಾಡಿತು. ಸಾಹೇಬರು ಪ್ಯಾಡು ಕೊಡಿಸಿ, ಇಲ್ಲಿಂದ ಓದಿ ಎಂದು ಬೆರಳಿಟ್ಟು ತೋರಿಸಿದರು. ಅವಳು ಶನಿವಾರದ ಹಾಗೇ ಪ್ಯಾಡನ್ನು ಸ್ವಲ್ಪ ಓರೆ ಹಿಡಿದು, ಬೆರಳು ಸಾಗಿಸುತ್ತ ಓದಿದಳು. "ಹೌದ್ರಿ, ಒಪ್ಪಿದ್ದೆ." ಚುಕ್ಕೆಯನ್ನೂ ಬಿಡಲಿಲ್ಲ. "ಹೊಸಾ ಕಟ್ಟಡದಾಗ ನಮ್ಮ ಕ್ಲಾಸಿಗೆ ಒಂದು ಖೋಲಿ." ವಕೀಲರ ಮುಖದ ನಗು ಇಳಿಯಿತು. ಅಲ್ಲಿಗೆ ಅವಳ ಬೆರಳು ನಿಂತಿತು.

ಅವಳ ಬೆರಳ ಕೆಳಗಿದ್ದದ್ದು ಹಟದ ಗಂಟು. ಅವಳು ಕ್ಲಾಸು ಬಿಟ್ಟ ಮೇಲೆ ಹುಟ್ಟಿದ್ದು. ಆ ಸಾಲಿನ ಅರ್ಥ ಏನಿರಬಹುದು ಎಂಬುದು ಅವಳಿಗೆ ಹೊಳೆದಿತ್ತು, ಅದು ನನಗೆ ಅವಳ ಕಣ್ಣಲ್ಲೇ ಕಾಣುತ್ತಿತ್ತು. ಮಾಸ್ತರರು ಕಟಕಟೆಯಲ್ಲಿದ್ದಾರೆ, ಕಟ್ಟಡದ ಮಾತು, ಖೋಲಿಯ ಮಾತು, ಯಾರಾದರೂ ಊಹಿಸಬಹುದಿತ್ತು. ಒಂದು ಮಾತು ಹೇಳಿಬಿಡೇ ಎಂದು ನನ್ನ ಜೀವವೆಲ್ಲ ಕೂಗುತ್ತಿತ್ತು. ಅವಳು ನನ್ನ ಕಡೆ ನೋಡಲೇ ಇಲ್ಲ, ಮಾಸ್ತರರನ್ನು ನೋಡಿದಳು.

"ಇದು ನನಗ ಗೊತ್ತಿಲ್ಲರಿ," ಅಂದಳು.

"ಅಂದಾಜಿನ ಮೇಲೆ ಏನಿರಬಹುದು?" ಸಾಹೇಬರೇ ಕೇಳಿದರು.

"ಅಂದಾಜು ಮಾಡಬಾರದ್ರಿ ಸರ್. ನಮಗ ಹಂಗ ಕಲಿಸ್ಯಾರ."

ವಕೀಲರು ಎದ್ದು, ಖೋಲಿ ಕೇಳಿರಬಹುದು ಸರ್, ಬೇಡ ಎಂದೂ ಅಂದಿರಬಹುದು, ಯಾರಿಗೆ ಗೊತ್ತು ಎಂದರು. ಸಾಹೇಬರು ಮಾಸ್ತರರನ್ನು ನೋಡಿದರು. ಮಾಸ್ತರರು ಜಗಳಕ್ಕೆ ನಿಲ್ಲುತ್ತಾರೆ, ಇದು ಹೊಸ ಗುರುತು, ಹೀಗೆ ಹೀಗೆ ಎಂದು ವಿವರಿಸುತ್ತಾರೆ ಎಂದುಕೊಂಡೆ. ಅವರು ಮೆಲ್ಲಗೆ, "ಆಕಿ ಖರೇ ಹೇಳ್ಯಾಳ್ರಿ. ನಾ ಆಕೀಗೆ ಅದನ್ನ ಕಲಿಸಿಲ್ಲ," ಅಂದರು. ಸಾಹೇಬರ ವಾಕ್ಯವೇ ನಿಂತಿತು. ಸಂಜೆ ಕರೆಂಟು ಬಂದ ಮೇಲೆ ಅದನ್ನು ನಾನೇ ಟೈಪು ಮಾಡಿದೆ. ಮಾಸ್ತರರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಎಲ್ಲಿ ಸಹಿ ಮಾಡಬೇಕು ತಂಗಿ ಎಂದು ಕೇಳಿ, 'ಓದಿ ಹೇಳಲಾಗಿ ಕೇಳಿ ಸರಿ ಇದೆ' ಎಂಬ ಸಾಲಿನ ಕೆಳಗೆ ಸಹಿ ಮಾಡಿದರು.

ತೀರ್ಪು ಏನಾಗಿರಬಹುದು ಎಂದು ಬರೆಯುವ ಅಗತ್ಯವಿಲ್ಲ. 'ಒಪ್ಪಿದ್ದೆ ಎಂದರೆ ಸರಿ' ಎಂಬ ವಾಕ್ಯ ಅದರಲ್ಲಿ ಹಾಗೇ ಬಂತು, ಅದನ್ನೂ ನಾನೇ ಬರೆದುಕೊಂಡೆ, ಮಾಸ್ತರರ ಲಿಪಿಯಲ್ಲೇ. ಕಟ್ಟಡ ಬಿತ್ತು. ಕಂಪ್ಯೂಟರುಗಳು ಅವರ ಮನೆಯ ಪಡಸಾಲೆಗೆ ಹೋಗಿ ಬಟ್ಟೆ ಹೊದ್ದು ಕೂತವು.

ಗೆಳತಿಯ ಮೇಲಿನ ಸಿಟ್ಟು ನನಗೆ ತಡೆಯಲಾಗಲಿಲ್ಲ. ಫೋನಿನಲ್ಲಿ ಬಾಯಿಗೆ ಬಂದಂತೆ ಅಂದೆ. "ಒಂದು ಮಾತು ಹೇಳಿದ್ರ ನಿನ್ನ ಗಂಟೇನು ಹೋಗತಿತ್ತ?" ಅವಳು ತಿರುಗಿ ಬೈಯಲಿಲ್ಲ. "ಹೇಳಬಹುದಿತ್ತು. ಆಮ್ಯಾಲ ಮಾಸ್ತರ್ರ ಮಾರಿ ನೋಡಾಕ ಆಗತಿತ್ತೇನು ನನಗ? ಅವರು ಅಲ್ಲೇ ನಿಂತಿದ್ರು," ಅಂದಳು. ನಾನು ಫೋನು ಇಟ್ಟೆ. ಎಷ್ಟೋ ದಿನ ಮಾತಾಡಲಿಲ್ಲ. ಸಿಟ್ಟು ನಿಜವಾಗಿ ಯಾರ ಮೇಲೆ ಎಂದು ನನಗೂ ಗೊತ್ತಾಗುತ್ತಿರಲಿಲ್ಲ. ಬಸ್ಸಿನಲ್ಲಿ ಬೆರಳು ಓಡಿದಾಗಲೆಲ್ಲ ಕೈಯನ್ನು ಮಡಿಲಲ್ಲಿ ಒತ್ತಿ ಹಿಡಿಯುತ್ತಿದ್ದೆ.

ಕಡೆಗೆ ಮಾಸ್ತರರೇ ಫೋನು ಮಾಡಿ, ಶನಿವಾರ ಬ್ಯಾಡಗಿಗೆ ಬಾ ಎಂದರು. ಹೋದೆ. ಗೆಳತಿಯ ಮನೆಯ ಹೊರಕೋಣೆಯಲ್ಲಿ ಚಾಪೆ ಹಾಸಿತ್ತು. ಅವಳ ಅತ್ತೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದರು, ಮಾಸ್ತರರು ಗೋಡೆಗೆ ಒರಗಿ ಕೂತಿದ್ದರು. ಬಹಳ ಸೊರಗಿದ್ದರು. ಗೆಳತಿ ನನಗೆ ಚಹಾ ಕೊಟ್ಟಳು, ನಾನು ಇಸಿದುಕೊಂಡೆ. ನಮ್ಮ ರಾಜಿ ಅಷ್ಟರಲ್ಲೇ ಮುಗಿಯಿತು.

ಮಾಸ್ತರರು ಮಾತು ಶುರುಮಾಡಿದರು. ಇನ್ನು ಹೊಸ ಗುರುತು ಇಲ್ಲ. ಗೆಳತಿ ಕಲಿತಾಗ ಇದ್ದದ್ದೇ ಲಿಪಿ, ಆಮೇಲಿನದೆಲ್ಲ ರದ್ದು. "ಹೊಸಾವು ಛಲೋ ಅದಾವಲ್ರಿ ಸರ್. ಹಟದ ಗಂಟು ಬಿಟ್ರ ಆ ಓಟ ಎಲ್ಲಿಂದ ಬರತೈತಿ? ಆಕೀಗೆ ಈಗ ಕಲಿಸಿದ್ರ ಆತು," ಎಂದು ವಾದಿಸಿದೆ. ಅವರು ತಲೆಯಾಡಿಸಿದರು. "ಈಕೀಗೆ ಕಲಿಸಬಹುದು ತಂಗಿ. ಈಕೀ ಜೋಡಿ ಕಲತಾರು ಎಷ್ಟೋ ಮಂದಿ ಅದಾರ, ಅವರೆಲ್ಲ ಎಲ್ಲಿ ಅಂತ ಹುಡಕಲಿ? ಅವರು ಕಲತದ್ದ ಇರಲಿ. ನಾವ ಹಿಂದಕ ಹೋಗೂಣು." ಬದುಕೆಲ್ಲ ತೀಡಿದ್ದನ್ನು ಅವರು ಒಂದು ಚಹಾ ಕುಡಿಯುವಷ್ಟರಲ್ಲಿ ಬಿಟ್ಟುಕೊಟ್ಟರು. ನನಗೆ ಅಳು ಬಂತು, ಮೆಣಸಿನಕಾಯಿಯ ಘಾಟಿನ ನೆಪ ಇತ್ತು.

ಅತ್ತೆ ಮಾತಾಡಬೇಕು, ನಾವು ಮೂವರು ಬರೆಯಬೇಕು ಎಂದಾಯಿತು. ಆಕೆ ಸಂಕೋಚಪಡುತ್ತಲೇ ಹರೆಯದ ಸುದ್ದಿ ತೆಗೆದರು. ಗಂಡ ಲಾರಿಯ ಮೇಲೆ ಹೋಗುತ್ತಿದ್ದದ್ದು, ಆಕೆ ಬಾಗಿಲಲ್ಲಿ ಕಾಯುತ್ತಿದ್ದದ್ದು. ಮಾಸ್ತರರ ಪೆನ್ಸಿಲ್ ಆಗಾಗ ತಡೆಯುತ್ತಿತ್ತು. ಕೈ ಹೊಸ ಗುರುತಿಗೆ ಹೊರಟುಬಿಡುತ್ತಿತ್ತು, ಅವರು ಅದನ್ನು ಹೊಡೆದು ಹಾಕಿ ಹಳೆಯದನ್ನು ಬರೆಯುತ್ತಿದ್ದರು, ಹೊಸದಾಗಿ ಸೇರಿದ ಹುಡುಗಿಯ ಹಾಗೆ ತುಟಿ ಕಚ್ಚಿಕೊಂಡು. "ಅವರು ಬರೂ ಮಟಾ ನಾ ಉಣ್ಣತಿರಲಿಲ್ರಿ," ಅಂದರು ಅತ್ತೆ. ನನ್ನ ಕೈ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಗಂಟು ಬಿತ್ತು, ಕೆಳಗೆ ಬಾಲವೂ ಬಂತು.

ಪ್ಯಾಡು ಅದಲುಬದಲಾದವು. ಈ ಸಲ ನನ್ನದು ಹೋದದ್ದು ಮಾಸ್ತರರ ಕೈಗೆ. ಅವರು ಗಟ್ಟಿಯಾಗಿ ಓದುತ್ತ ಬಂದರು, ಲಾರಿ, ಬಾಗಿಲು, ಕಾದದ್ದು, ಚುಕ್ಕೆ ಬಿಡದೆ. ಗಂಟಿನ ಹತ್ತಿರ ಬೆರಳು ನಿಂತಿತು. ತಾವೇ ಹೊಸೆದ ಗಂಟನ್ನು ಅವರು ಬಹಳ ಹೊತ್ತು ನೋಡಿದರು. ಬೆರಳ ತುದಿಯಿಂದ ಅದರ ಸುರುಳಿಯ ಮೇಲೆ ಒಮ್ಮೆ ಸವರಿದ್ದನ್ನೂ ನಾನು ಕಂಡೆ.

"ಇದು ನನಗ ಗೊತ್ತಿಲ್ಲ, ತಂಗಿ," ಎಂದು ಹೇಳಿ ಮುಂದಿನ ಸಾಲು ಓದಿದರು.